ಎರಡೂ ಕಡೆಯ ರನ್ನಿಂಗ್ ಬೋರ್ಡ್

ಹಲ್ಲಿನ ಡಾಕ್ಟರ ಹಳೇ ಕಾರನ್ನು ಗ್ಯಾರೇಜಿನ ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿ, ಮೇಸ್ತ್ರಿಯ ಮಗಳು ಅದರಡಿ ಅಂಗಾತ ಮಲಗಿ ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಿದಳು. ಮೇಲೆ ಮುಖ ನೋಡಿಕೊಳ್ಳುವಂಥ ಬಣ್ಣ. ಕೆಳಗೆ ಕುಟ್ಟಿದಲ್ಲೆಲ್ಲ ತುಕ್ಕು ಉದುರಿ ಅವಳ ಮೂಗು ಬಾಯಿಗೆ ಬಂತು. ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡುಗಳಂತೂ ಎರಡೂ ಕಡೆ ತಿಂದುಹೋಗಿದ್ದವು.

“ಹುಳುಕನ್ನ ಒಳಗೇ ಬಿಟ್ಟು ಮೇಲೆ ಸಿಮೆಂಟು ಮೆತ್ತೋ ಕೆಲಸ ಬೇಡ, ಮೇಸ್ತ್ರಿ,” ಎಂದರು ಡಾಕ್ಟರು.

“ಅದು ನಿಮ್ಮ ಕಸುಬು ಡಾಕ್ಟ್ರೇ. ನಾವು ಬುಡಸಮೇತ ಕೀಳೋರು,” ಎಂದ ಅಪ್ಪ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಗಳಿಗೆ ಮಾತ್ರ ನಗು ಬರಲಿಲ್ಲ. ಈಚೆಗೆ ಅಪ್ಪ ಕೈಯಲ್ಲಿರುವ ಸ್ಪ್ಯಾನರನ್ನೇ ಹುಡುಕುತ್ತಿದ್ದ, ಬಿಗಿದ ಬೋಲ್ಟನ್ನೇ ಮತ್ತೆ ಬಿಗಿಯುತ್ತಿದ್ದ. ಕಣ್ಣಿಗೆ ಪೊರೆ ಬಂದಿರಬೇಕು ಎಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು. ಪೊರೆಯಾದರೆ ತೆಗೆಸಬಹುದಲ್ಲ! ಕೆಲಸ ಬಿಡು ಅನ್ನೋಣವೆಂದರೆ ನಾಲಿಗೆ ಏಳುತ್ತಿರಲಿಲ್ಲ. ನಲವತ್ತು ವರ್ಷ ಬೆಂಕಿಯ ಜೊತೆ ಬಾಳಿದ ಮನುಷ್ಯ, ಕೈಯಿಂದ ಬೆಸುಗೆಯ ಗ್ಯಾಸ್ ಟಾರ್ಚ್ ಕಿತ್ತುಕೊಂಡರೆ ಇದ್ದೂ ಇಲ್ಲದಂತಾಗಿಬಿಡುತ್ತಾನೆ.

ಆ ಕಾರಿಗೆ ಅಡಿಯಲ್ಲಿ ಬೇರೆ ಚಾಸಿಯ ಚೌಕಟ್ಟು ಇಲ್ಲ. ನೆಲದ ತಗಡು, ಆ ಎರಡು ಬೋರ್ಡು, ಇವೇ ಇಡೀ ಕಾರನ್ನು ಹಿಡಿದಿರುವುದು. ಆದ್ದರಿಂದ ಮೊದಲು ಬಾಗಿಲ ಸಂದಿಗೆ ಅಡ್ಡಲಾಗಿ ಕಬ್ಬಿಣದ ರಾಡು ಬೆಸೆಯಬೇಕು, ಒಂದು ಕಡೆ ಕತ್ತರಿಸಿ ಹೊಸ ತಗಡು ಕೂರಿಸಬೇಕು, ಅದು ಮುಗಿದ ಮೇಲೆಯೇ ಇನ್ನೊಂದು ಕಡೆಗೆ ಕೈ ಹಾಕಬೇಕು. ಇದನ್ನು ಅವಳಿಗೆ ಕಲಿಸಿದವನೇ ಅಪ್ಪ. “ಒಂದೇ ಸಲ ಎರಡೂ ಕಾಲು ಕತ್ತರಿಸಿದ್ರೆ ಯಾರಾದ್ರೂ ನಿಂತ್ಕೋತಾರೇನೇ?” ಎಂದು ಬೈದು ಬೈದು ಕಲಿಸಿದ್ದ.

ಮಾರನೆಯ ದಿನ ಅವಳು ತಗಡು ತರಲು ಹೋಗಿ ಬರುವಷ್ಟರಲ್ಲಿ ಎರಡೂ ಬೋರ್ಡು ನೆಲಕ್ಕೆ ಬಿದ್ದಿದ್ದವು. ರಾಡಿನ ಸುಳಿವೇ ಇಲ್ಲ. ಕಾರು ನಡುವೆ ಜಗ್ಗಿ, ತೆರೆದಿದ್ದ ಬಾಗಿಲು ಅದರ ಚೌಕಟ್ಟಿನ ಕಂಬಕ್ಕೆ ತಾಗಿ ಮುಚ್ಚಲಾರದೆ ನಿಂತಿತ್ತು. ಅಪ್ಪ ಮೂಲೆಯ ಸ್ಟೂಲಿನ ಮೇಲೆ ಕೂತು ನಿಶ್ಚಿಂತೆಯಿಂದ ಟೀ ಹೀರುತ್ತಿದ್ದ.

ಗ್ರಹಚಾರಕ್ಕೆ ಡಾಕ್ಟರೂ ಅದೇ ಹೊತ್ತಿಗೆ ಬಂದರು. ಬಾಗಿಲು ತಳ್ಳಿ ನೋಡಿದರು, ಇನ್ನೊಂದು ಸಲ ತಳ್ಳಿದರು, ಮುಖ ಕೆಂಪಾಯಿತು.

“ಯಾರು ಮಾಡಿದ್ದು ಇದನ್ನ?”

“ನಾನೇ ಡಾಕ್ಟ್ರೇ,” ಎಂದಳು ಮಗಳು. ಯೋಚಿಸುವ ಮೊದಲೇ ಮಾತು ಬಾಯಿಂದ ಬಿದ್ದುಹೋಗಿತ್ತು. “ಜ್ಯಾಕ್ ಕೊಟ್ಟು ಎತ್ತಿ ಸರಿ ಮಾಡ್ತೀನಿ.”

ಅಪ್ಪ ಟೀ ಲೋಟ ಕೆಳಗಿಟ್ಟು ಎದ್ದು ಬಂದ. ಜಗ್ಗಿದ ಕಾರನ್ನೂ ಮಗಳನ್ನೂ ನೋಡಿದ. “ತಲೆ ಎಲ್ಲಿಟ್ಟಿದ್ದೆ? ರಾಡು ಬೆಸೀದೆ ಎರಡೂ ಕಡೆ ಕತ್ತರಿಸೋದಾ? ಮರ್ಯಾದೆ ತೆಗೆದ್ಯಲ್ಲೇ!” ನಿಂತಲ್ಲಿಂದಲೇ ಕತ್ತರಿಸಿದ ಅಂಚಿನತ್ತ ಬೆರಳು ಮಾಡಿದ. “ಕೈಯೇನೋ ಪಳಗಿದೆ. ಆ ತುದೀಲಿ ಒಂದು ಕೂದಲೆಳೆಯಷ್ಟು ವಾಲಿದೆ, ಅಷ್ಟೇ.”

ಅವಳು ಬಗ್ಗಿ ನೋಡಿದಳು. ವಾಲಿತ್ತು. ಅಷ್ಟು ದೂರದಿಂದ ಅವಳಿಗೇ ಅದು ಕಂಡಿರಲಿಲ್ಲ.

ಡಾಕ್ಟರು ಅತ್ತ ತಿರುಗಿದಾಗ ಅಪ್ಪ ಕಣ್ಣು ಮಿಟುಕಿಸುತ್ತಾನೆಂದು ಕಾದಳು. ಮಿಟುಕಿಸಲಿಲ್ಲ. ಅವನ ಮುಖದಲ್ಲಿದ್ದದ್ದು ನಾಟಕವಲ್ಲ, ಅಪ್ಪಟ ಸಿಟ್ಟು. ಕತ್ತರಿಸಿದ್ದು ತಾನೇ ಎಂಬ ನೆನಪೇ ಅವನಿಗಿರಲಿಲ್ಲ.

“ಇನ್ಮೇಲೆ ನೀವೇ ಕೈ ಹಾಕಿ ಮೇಸ್ತ್ರಿ. ಇವಳಿಗೆ ಬಿಡ್ಬೇಡಿ,” ಎಂದು ಹೇಳಿ ಡಾಕ್ಟರು ದಡದಡನೆ ಹೊರಟುಹೋದರು.

ಅಪ್ಪನ ಸಿಟ್ಟು ಅಷ್ಟರಲ್ಲೇ ಇಳಿದಿತ್ತು. ಮಗಳ ತಲೆ ಸವರಿದ.

“ಹೋಗ್ಲಿ ಬಿಡು ಮಗಳೇ. ತಪ್ಪು ಯಾರು ಮಾಡಲ್ಲ? ನಾನಿದ್ದೀನಲ್ಲ. ಕೊಡಿಲ್ಲಿ ಟಾರ್ಚು.”

ಅವಳು ಸಿಲಿಂಡರಿನ ಬಳಿ ಹೋಗಿ ಗ್ಯಾಸ್ ಬಂದ್ ಮಾಡಿದಳು. ಅದರ ವಾಲ್ವ್ ತಿರುಗಿಸುವ ಕೀಲಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಳು. ತಿರುಗಿ ನೋಡಿದಾಗ ಅಪ್ಪ ಇನ್ನೂ ಕೈ ಚಾಚಿಯೇ ನಿಂತಿದ್ದ.