ನೊರೆ ಇಳಿಸಿದ ಸೈದಾಕ

ಕೊನ್ರಾಡ್ ಲೋಬೊ ಕುವೈತಿನ ಶುಐಬಾದ ಒಂದು ಕಾರ್ಖಾನೆಯಲ್ಲಿ ಪ್ರೆಶರ್ ಗೇಜುಗಳನ್ನು ನೋಡಿಕೊಳ್ಳುವ ಟೆಕ್ನಿಶಿಯನ್. ಒತ್ತಡದ ವಿಷಯದಲ್ಲಿ ಬೇರೆಯವರು ಬಾಯಿ ಹಾಕಿದರೆ ಅವನಿಗೆ ಸೇರುತ್ತಿರಲಿಲ್ಲ. ಹೆಂಡತಿ ಕಾರ್ಮೆಲ್ ಆಸ್ಪತ್ರೆಯೊಂದರಲ್ಲಿ ನರ್ಸ್. ಖೈತಾನಿನ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಅವರ ವಾಸ.

ಅವರ ಮದುವೆಗೆ ಇಪ್ಪತ್ತೈದು ವರ್ಷ ತುಂಬಿದ ಜುಲೈಯಲ್ಲಿ, ಊಟಕ್ಕೆ ಬಂದವರಿಗೆ ಬರೇ ಜ್ಯೂಸ್ ಕೊಟ್ಟು ಕಳಿಸುವುದು ಮರ್ಯಾದೆಯಲ್ಲ ಎಂದು ಕೊನ್ರಾಡನಿಗೆ ಅನಿಸಿತು. ಕುವೈತಿನಲ್ಲಿ ಮದ್ಯ ನಿಷಿದ್ಧ. ಸಿಕ್ಕಿಬಿದ್ದರೆ ಇಕಾಮಾ, ಅಂದರೆ ವಾಸದ ಪರವಾನಗಿ, ಖಲಾಸ್, ಸೀದಾ ಊರಿಗೆ ವಿಮಾನ. ಆದರೂ ಅಂಗಡಿಯ ಮಾಲ್ಟ್ ಪಾನೀಯಕ್ಕೆ ಸಕ್ಕರೆ, ಯೀಸ್ಟ್ ಹಾಕಿ ಮನೆಯಲ್ಲೇ ಗುಟ್ಟಾಗಿ ಬಿಯರ್ ಮಾಡಿಕೊಳ್ಳುವವರಿದ್ದರು. ಕೊನ್ರಾಡನೂ ಅವರಲ್ಲೊಬ್ಬ. ಈ ಸಲ ಮಾತ್ರ ಅವನಿಗೆ ಬಾಟಲಿ ಸಾಲಲಿಲ್ಲ. ದೊಡ್ಡ ಹೋಟೆಲುಗಳ ಹಾಗೆ ನಲ್ಲಿ ತಿರುಗಿಸಿದರೆ ಬಿಯರ್ ಬರಬೇಕು. ರಾಯ್ ಎಂಬಲ್ಲಿನ ಗುಜರಿ ಅಂಗಡಿಯಿಂದ ತಂಪು ಪಾನೀಯ ತುಂಬುವ ಒಂದು ಸ್ಟೀಲ್ ಕೆಗ್ ತಂದ. ಬಿಯರನ್ನು ಒಳಗಿಂದ ತಳ್ಳಲು ಗ್ಯಾಸ್ ಬೇಕಲ್ಲ, ಅದಕ್ಕೆ ಅಕ್ವೇರಿಯಮ್ಮಿನ ಗಿಡಗಳಿಗೆ ಬಿಡುವ ಪುಟ್ಟ ಸಿಲಿಂಡರ್ ತಂದ. ಒತ್ತಡ ತೋರಿಸುವ ಗೇಜನ್ನು ಮಾತ್ರ ತಾನೇ ಆರಿಸಿ, ಒರೆಸಿ, ಮಗುವನ್ನು ಕೂರಿಸಿದ ಹಾಗೆ ಕೂರಿಸಿದ.

ಶುಕ್ರವಾರ ಮಧ್ಯಾಹ್ನ ಅತಿಥಿಗಳು ಬಂದರು. ಹೋಟೆಲೊಂದರಲ್ಲಿ ಸೂಪರ್‌ವೈಸರ್ ಆಗಿದ್ದ ಸುಂದರ, ಅವನ ಹೆಂಡತಿ ಪುಷ್ಪಾವತಿ, ಚರ್ಚಿನ ಗಾಯನ ತಂಡದ ಜೇಮ್ಸ್. ಕಾರ್ಮೆಲ್ ಇಡ್ಲಿಯಂಥ ಸನ್ನಣ, ಕೋಳಿ ಸುಕ್ಕ ಮಾಡಿಟ್ಟಿದ್ದಳು. ಕೊನ್ರಾಡ್ ಎಲ್ಲರನ್ನೂ ಬಚ್ಚಲುಮನೆಗೆ ಕರೆದುಕೊಂಡು ಹೋದ. ಅಲ್ಲಿ ಟಬ್ಬಿನ ತುಂಬ ಐಸು, ನಡುವೆ ಕೆಗ್. ಅವನು ಚಿಕ್ಕ ಭಾಷಣ ಮಾಡಿ, ಗ್ಲಾಸು ಹಿಡಿದು, ನಲ್ಲಿ ತಿರುಗಿಸಿದ.

ಗ್ಲಾಸಿನ ತುಂಬ ನೊರೆ ಬಂತು. ಇನ್ನೊಂದು ಗ್ಲಾಸು ಹಿಡಿದ. ಅದರಲ್ಲೂ ನೊರೆ. ಆಮೇಲೆ ಜಗ್ಗು, ಬಾಲ್ದಿ, ಕೊನೆಗೆ ಕಾರ್ಮೆಲಳ ಇಡ್ಲಿ ಪಾತ್ರೆ. ಎಲ್ಲದರಲ್ಲೂ ಬೆಟ್ಟದಂಥ ಬಿಳಿ ನೊರೆ, ಅಡಿಯಲ್ಲಿ ಔಷಧಿಯ ಮುಚ್ಚಳದಷ್ಟು ಬಿಯರ್. ಜೇಮ್ಸ್ ಒಂದು ಗ್ಲಾಸನ್ನು ತುಟಿಗಿಟ್ಟ. ಮೀಸೆ ಬೆಳ್ಳಗಾಯಿತೇ ಹೊರತು ಬಾಯಿಗೆ ಏನೂ ಸಿಗಲಿಲ್ಲ.

ಎಲ್ಲರೂ ಇಂಜಿನಿಯರುಗಳಾದರು. ಗ್ಲಾಸನ್ನು ಓರೆಯಾಗಿ ಹಿಡಿಯಬೇಕು ಎಂದು ಸುಂದರ ಹೇಳಿದ. ಓರೆ ಹಿಡಿದರು, ನೊರೆ ಓರೆಯಾಗಿ ಬಂತು. ನಲ್ಲಿಯನ್ನು ಅರ್ಧ ಮಾತ್ರ ತೆರೆಯಬೇಕು ಎಂದು ಜೇಮ್ಸ್ ಹೇಳಿದ. ಅರ್ಧ ತೆರೆದಾಗ ಅದು ಬುಸ್ ಎಂದು ಗೋಡೆಗೇ ಹಾರಿತು. ಗ್ಲಾಸಿನಲ್ಲಿ ಸಾಬೂನು ಉಳಿದಿರಬಹುದು ಎಂದು ಪುಷ್ಪಾವತಿ ಎಲ್ಲವನ್ನೂ ಮತ್ತೆ ತೊಳೆದಳು. ಕೊನ್ರಾಡ್ ಮಾತ್ರ, ತಳ್ಳುವ ಬಲ ಸಾಲುತ್ತಿಲ್ಲ ಎಂದು ಗ್ಯಾಸನ್ನು ಹೆಚ್ಚಿಸುತ್ತಲೇ ಇದ್ದ.

ಬಾಗಿಲಲ್ಲಿ ನಿಂತಿದ್ದ ಕಾರ್ಮೆಲ್ ಕೊನೆಗೆ ಹೇಳಿದಳು. "ಪ್ರೆಶರ್ ಜಾಸ್ತಿ ಆಯ್ತು ಕಾಣ್ತದೆ. ನಾವು ಡ್ರಿಪ್ಪನ್ನು ಹೀಗೆ ಬಿಟ್ರೆ ಪೇಶಂಟ್ ಎದ್ದು ಓಡ್ತಾನೆ."

"ಪ್ರೆಶರಿನ ವಿಷಯ ನನಗೆ ಹೇಳ್ಬೇಡ," ಎಂದ ಕೊನ್ರಾಡ್. "ಗೇಜು ಸರಿ ಉಂಟು."

ಬಾಲ್ದಿಗಳು ತುಂಬಿದ್ದರಿಂದ ನೊರೆಯನ್ನೆಲ್ಲ ಬಚ್ಚಲಿನ ತೂಬಿಗೆ ಸುರಿದರು. ಅದು ಗುಳುಗುಳು ಎನ್ನುತ್ತ ಇಳಿದು ಹೋದದ್ದು ನೋಡಿ ಎಲ್ಲರಿಗೂ ಸಮಾಧಾನವಾಯಿತು. ಸ್ವಲ್ಪ ಹೊತ್ತಿನಲ್ಲಿ ಕರೆಗಂಟೆ ಸದ್ದಾಯಿತು. ಸುಂದರ ಬಾಗಿಲಿನ ಕಿಂಡಿಯಲ್ಲಿ ನೋಡಿ ಬೆವರಿದ. ಹೊರಗೆ ನಿಂತಿದ್ದವನು ಕಟ್ಟಡದ ಹಾರಿಸ್, ಅಂದರೆ ಕಾವಲುಗಾರ. ಬಂಟ್ವಾಳ ಕಡೆಯ ಬ್ಯಾರಿ ಸೈದು. ಎಲ್ಲರೂ ಅವನನ್ನು ಸೈದಾಕ ಎಂದು ಕರೆಯುತ್ತಿದ್ದರು. ಐದು ಹೊತ್ತು ನಮಾಜು ಮಾಡುವ ಮನುಷ್ಯ, ಕಟ್ಟಡದ ಮಾಲೀಕನಿಗೆ ಬಲು ನಂಬಿಕೆಯವನು.

ಒಳಗೆ ಗಡಿಬಿಡಿ ಎದ್ದಿತು. ಕೊನ್ರಾಡ್ ಗ್ಯಾಸ್ ಬಂದ್ ಮಾಡಿ, ಕೆಗ್ಗಿನ ಮೇಲಿನ ವಾಲ್ವ್ ಎಳೆದು ಒಳಗಿನ ಗಾಳಿಯನ್ನೆಲ್ಲ ಬಿಟ್ಟ. ಜೇಮ್ಸನೂ ಅವನೂ ಕೆಗ್ಗನ್ನು ಹೊತ್ತುಕೊಂಡು ಹೋಗಿ, ದೊಡ್ಡ ಫ್ರೀಜರಿನಲ್ಲಿ ಮಾಂಜಿ ಮೀನಿನ ಪೊಟ್ಟಣಗಳ ನಡುವೆ ನಲ್ಲಿ, ಪೈಪು ಸಮೇತ ತುರುಕಿದರು. ಸಿಲಿಂಡರ್ ಮಂಚದ ಅಡಿ ಸೇರಿತು. ಕಾರ್ಮೆಲ್ ಬಾಗಿಲು ತೆರೆದಳು.

"ಕೆಳಗೆ ಗಟಾರದ ಮುಚ್ಚಳ ಎದ್ದು ನಿಂತಿದೆ ಬಾಯಮ್ಮ," ಎಂದ ಸೈದು. "ಬಿಳಿ ಬಿಳಿ ಎಂತದೋ ನೊರೆ. ಮಾಲೀಕರ ಕಾರಿನ ಚಕ್ರ ಕಾಣುವುದಿಲ್ಲ. ಒಂಥರಾ ವಾಸನೆ ಬೇರೆ."

"ಕಂಬಳಿ ಒಗೆದದ್ದು," ಎಂದ ಕೊನ್ರಾಡ್.

"ಸನ್ನಣದ ಹಿಟ್ಟು ಚೆಲ್ಲಿದ್ದು," ಎಂದಳು ಕಾರ್ಮೆಲ್, ಅದೇ ಗಳಿಗೆಯಲ್ಲಿ.

ಸೈದು ಇಬ್ಬರ ಮುಖವನ್ನೂ ನೋಡಿದ. ಜುಲೈ ತಿಂಗಳ ಸೆಕೆಯಲ್ಲಿ ಕಂಬಳಿ, ಅದನ್ನು ಸನ್ನಣದ ಹಿಟ್ಟಿನಲ್ಲಿ ಒಗೆಯುವುದು. ಅವನು ಬಹಳ ಹೊತ್ತು ಯೋಚಿಸಿದ. ಆಮೇಲೆ ಮೆಲ್ಲನೆ, ಸನ್ನಣ ಇನ್ನೂ ಉಳಿದಿದೆಯೇ ಎಂದು ಕೇಳಿದ. ಬಂಟ್ವಾಳದಲ್ಲಿ ಪಕ್ಕದ ಕ್ರಿಶ್ಚಿಯನ್ ಮನೆಯ ಬಾಯಮ್ಮ ಹಬ್ಬಕ್ಕೆ ಕೊಡುತ್ತಿದ್ದರಂತೆ. ಇಲ್ಲಿಗೆ ಬಂದ ಮೇಲೆ ಅವನು ಅದರ ಮುಖ ನೋಡಿರಲಿಲ್ಲವಂತೆ.

ಅವನನ್ನು ಒಳಗೆ ಕರೆಯದೆ ವಿಧಿಯಿರಲಿಲ್ಲ. ಸೈದು ಮೇಜಿನ ತುದಿಯಲ್ಲಿ ಕೂತು ಸನ್ನಣವನ್ನು ಕೋಳಿ ಸುಕ್ಕದಲ್ಲಿ ಅದ್ದಿ ಅದ್ದಿ ತಿಂದ. ಮನೆಯ ಸುದ್ದಿ, ಮಗಳ ನಿಕಾಹ್, ಬಾವಿಯ ನೀರು, ಎಲ್ಲ ಹೇಳಿದ. ಮಿಕ್ಕವರು ಅವನೊಂದಿಗೆ ಚಹಾ ಕುಡಿದರು, ಅದು ಮುಗಿದ ಮೇಲೆ ಮತ್ತೆ ಚಹಾ ಕುಡಿದರು. ಫ್ರೀಜರ್ ಗುರ್ ಎಂದಾಗಲೆಲ್ಲ ಜೇಮ್ಸ್ ಕೆಮ್ಮುತ್ತಿದ್ದ. ಹೊರಡುವಾಗ ಸೈದು, ಸಾಬೂನು ಸ್ವಲ್ಪ ಕಡಿಮೆ ಹಾಕಿ ಎಂದು ಕೊನ್ರಾಡನಿಗೆ ಬುದ್ಧಿ ಹೇಳಿದ. ಸನ್ನಣದ ಬಗ್ಗೆ ಏನೂ ಹೇಳಲಿಲ್ಲ.

ಬಾಗಿಲು ಮುಚ್ಚಿದ ಮೇಲೆ ಯಾರಿಗೂ ಬಿಯರಿನ ಆಸೆ ಇರಲಿಲ್ಲ. ಇದ್ದದ್ದನ್ನು ಚೆಲ್ಲಿಬಿಡೋಣ ಎಂದು ಕೊನ್ರಾಡ್ ಕೆಗ್ಗನ್ನು ಹೊರಗೆ ತೆಗೆದ. ಪೈಪಿನ ಮೇಲೆ ಹಿಮ ಕಟ್ಟಿತ್ತು. ಬೇಸರದಲ್ಲಿ ಮಂಚದ ಅಡಿಯ ಸಿಲಿಂಡರನ್ನು ಮತ್ತೆ ಜೋಡಿಸಿ, ಗ್ಯಾಸನ್ನು ಒಂದಿಷ್ಟೇ ಬಿಟ್ಟು ನಲ್ಲಿ ತಿರುಗಿಸಿದ. ಜೇನಿನ ಬಣ್ಣದ ಬಿಯರ್ ಸದ್ದಿಲ್ಲದೆ ಗ್ಲಾಸಿಗೆ ಇಳಿಯಿತು, ಮೇಲೆ ಎರಡು ಬೆರಳಿನಷ್ಟು ನೊರೆ. ಎಲ್ಲರೂ ಒಂದೊಂದು ಗ್ಲಾಸು ಹಿಡಿದರು. ಆಮೇಲೆ ಕುಡಿದರು. ಜೇಮ್ಸ್ ಹಾಡಿದ, ಮೆಲ್ಲಗೆ.

ಏನಾಗಿ ಸರಿಹೋಯಿತು ಎಂಬುದರ ಬಗ್ಗೆ ವಾದ ಎದ್ದಿತು. ಪೈಪು ತಣ್ಣಗಾದದ್ದು ಎಂದ ಸುಂದರ. ಒತ್ತಡ ಇಳಿದದ್ದು ಎಂದು ಕಾರ್ಮೆಲ್ ಎರಡು ಸಲ ಹೇಳಿದಳು, ಯಾರೂ ಕೇಳಿಸಿಕೊಳ್ಳಲಿಲ್ಲ. ಒತ್ತಡವನ್ನು ಒಪ್ಪಿಕೊಳ್ಳುವುದಕ್ಕಿಂತ ಏನನ್ನಾದರೂ ನಂಬಲು ತಯಾರಾಗಿದ್ದ ಕೊನ್ರಾಡ್, ಎಲ್ಲವೂ ಹೇಗೆ ನಡೆಯಿತೋ ಹಾಗೆಯೇ ಮಾಡುವುದು ಕ್ಷೇಮ ಎಂದು ತೀರ್ಮಾನಿಸಿದ.

ಹಾಗಾಗಿ ಕ್ರಿಸ್ಮಸ್ಸಿಗೆ ಹೊಸ ಬಿಯರ್ ತಯಾರಾದಾಗ ಅವನು ಕೆಗ್ಗನ್ನು ಮಾಂಜಿ ಮೀನಿನ ನಡುವೆ ಇಡಿಸಿದ, ಎಲ್ಲರಿಗೂ ಚಹಾ ಮಾಡಿಸಿದ, ಸೈದಾಕನನ್ನು ಸನ್ನಣಕ್ಕೆ ಕರೆತರಲು ತಾನೇ ಕೆಳಗೆ ಇಳಿದು ಹೋದ. ಅವನ ಹೆಜ್ಜೆಯ ಸದ್ದು ದೂರವಾದದ್ದೇ ಕಾರ್ಮೆಲ್ ಕೋಣೆಗೆ ಹೋಗಿ ಸಿಲಿಂಡರಿನ ಮೇಲೆ ಒತ್ತಡದ ತಿರುಪನ್ನು ಇಳಿಸಿಟ್ಟು ಬಂದಳು. ಸುಂದರನೂ ಪುಷ್ಪಾವತಿಯೂ ನೋಡಿದರು, ನೋಡದವರ ಹಾಗೆ ಚಹಾ ಕುಡಿದರು. ಸೈದು ಹೊಟ್ಟೆ ತುಂಬ ಉಂಡು, ಇಂಥ ಒಳ್ಳೆಯ ಮನೆ ಖೈತಾನಿನಲ್ಲಿ ಇನ್ನೊಂದಿಲ್ಲ ಎಂದು ಹರಸಿ ಹೋದ. ಆಮೇಲೆ ಬಿಯರ್ ತಕರಾರಿಲ್ಲದೆ ಬಂತು. ಕೊನ್ರಾಡ್ ಮೊದಲ ಗ್ಲಾಸನ್ನು ಹೆಂಡತಿಗೆ ಕೊಟ್ಟು, ಮನುಷ್ಯನ ಕಾಲ್ಗುಣ ಎಂದರೆ ಹೀಗಿರಬೇಕು ಎಂದ.

"ಹೌದು," ಎಂದಳು ಕಾರ್ಮೆಲ್, ಮತ್ತು ಕುಡಿದಳು.