ಪತ್ತನಾಜೆಯವರೆಗೆ ನೋಡಿದ ಮನೆ

ಯಜ್ಞೇಶ್ವರ ಭಟ್ಟರಿಗೆ ಕೇಳುವ ಚಟ. ಪುತ್ತೂರಿನ ಸೋಮವಾರದ ಸಂತೆಯಲ್ಲಿ ಒಂದು ಕುಂಬಳಕಾಯಿ ಕೊಳ್ಳಬೇಕಾದರೂ ಅದು ಯಾವ ಊರಿನದು, ಬಳ್ಳಿಗೆ ಗೊಬ್ಬರ ಎಂತದ್ದು, ಕೊಯ್ದು ಎಷ್ಟು ದಿನವಾಯಿತು ಎಂದೆಲ್ಲ ಕೇಳಿ ಮುಗಿಸುವಷ್ಟರಲ್ಲಿ ಹಿಂದೆ ನಿಂತವನು ಅದನ್ನು ಹೊತ್ತುಕೊಂಡು ಹೋಗಿರುತ್ತಿದ್ದ. ಅಂಥ ಪುಣ್ಯಾತ್ಮರು ಮನೆ ಕೊಳ್ಳಲು ಹೊರಟರೆ ಊರಿನ ಗತಿ ಏನಾಗಬೇಕು ಹೇಳಿ!

ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ ಕೆದಂಬಾಡಿಯ ದೊಡ್ಡ ಮನೆಯಲ್ಲಿ ಅಣ್ಣತಮ್ಮಂದಿರ ಪಾಲಾಯಿತು. ಕಿರಿಯವರಾದ ಯಜ್ಞೇಶ್ವರ ಭಟ್ಟರ ಪಾಲಿಗೆ ಒಂದಷ್ಟು ತೋಟ, ಒಂದಷ್ಟು ದುಡ್ಡು ಬಂತೇ ಹೊರತು ಮನೆ ಬರಲಿಲ್ಲ. ಅದರಿಂದ ಹೊಟ್ಟೆಯೊಳಗೇ ಸಂತೋಷಪಟ್ಟವಳು ಅವರ ಹೆಂಡತಿ ದೇವಕಿ. ಮದುವೆಯಾಗಿ ಬಂದಂದಿನಿಂದ ಅವಳು ನಾಲ್ವರು ವಾರಗಿತ್ತಿಯರ ನಡುವೆ ಬೇಯಿಸಿದ್ದಳು, ಬಡಿಸಿದ್ದಳು, ತೊಳೆದಿದ್ದಳು. ಆದರೆ ಇವತ್ತು ಬಸಳೆ ಬೇಡ, ತೊಂಡೆಕಾಯಿ ಮಾಡುವ ಎಂದು ಹೇಳುವ ಅಧಿಕಾರ ಒಂದು ದಿನಕ್ಕೂ ಸಿಕ್ಕಿರಲಿಲ್ಲ. ಅದು ಹಿರಿಯಕ್ಕನ ಬಾಯಿಂದಲೇ ಬರಬೇಕಿತ್ತು. ದೇವಕಿಗೆ ಬೇಕಾದದ್ದು ತನ್ನದೇ ಒಂದು ಒಲೆ.

ಪುತ್ತೂರಿನ ದರ್ಬೆಯಲ್ಲಿ ತಿರುಮಲೇಶ್ವರ ಭಟ್ಟರ ಹಳೆಯ ಮನೆ ಮಾರಾಟಕ್ಕಿತ್ತು. ಹೆಂಡತಿ ತೀರಿಕೊಂಡ ಮೇಲೆ ಅವರು ಕಡಬದಲ್ಲಿ ಮಗಳ ಮನೆ ಸೇರಿದ್ದರು. ಹಂಚು ಜಾರಿತ್ತು, ಗೋಡೆಗೆ ಒರಲೆ ಹತ್ತಿತ್ತು, ಜಗಲಿಯಲ್ಲಿ ಬೀದಿನಾಯಿ ಸಂಸಾರ ಹೂಡಿತ್ತು. ದೇವಕಿ ಒಮ್ಮೆ ಒಳಹೊಕ್ಕು ಅಡುಗೆಕೋಣೆಯ ಕಿಟಕಿ ತೆರೆದಳು. ದಾರಿ ಕಂಡಿತು, ದಾರಿಹೋಕರು ಕಂಡರು. ಅಲ್ಲಿಗೆ ಅವಳ ಮನಸ್ಸು ನಿಂತುಬಿಟ್ಟಿತು. ಆದರೆ ಹೇಳುವುದು ಹೇಗೆ? ಹೆಂಗಸು ಬಾಯಿಬಿಟ್ಟು ಬೇಕು ಎಂದರೆ ಮನೆಮುರುಕಿ ಎಂಬ ಹೆಸರು ಬರುತ್ತಿದ್ದ ಕಾಲ ಅದು.

ಗಂಡ ಮಾತ್ರ ಊರಿಡೀ ಕೇಳುತ್ತ ನಡೆದರು. ಹಳೆಯದನ್ನು ರಿಪೇರಿ ಮಾಡುವುದು ಲಾಭವೋ, ಹೊಸದು ಕಟ್ಟುವುದೋ? ಮುಂದೆ ಒಂದು ಕೋಣೆ ಬಾಡಿಗೆಗೆ ಕೊಟ್ಟರೆ ಯಾರು ಬರುತ್ತಾರೆ? ವಕೀಲರ ಗುಮಾಸ್ತ ಮೊದಲು ಹಕ್ಕುಪತ್ರ ನೋಡಿ ಎಂದ. ಆಚಾರಿ ಮೊದಲು ಪಕ್ಕಾಸು ನೋಡಿ, ಮಾಡಿನ ಭಾರ ಹೊರುವುದು ಅದೇ ಎಂದ. ಜೋಯಿಸರು ಬಾಗಿಲು ಯಾವ ದಿಕ್ಕಿಗೆ ಎಂದು ಕಣ್ಣು ಮುಚ್ಚಿದರು. ಮನೆ ಕಟ್ಟಿ ನೋಡು ಎಂದ ಹಿರಿಯರು ಕೇಳಿ ನೋಡು ಎನ್ನಲಿಲ್ಲವಲ್ಲ ಎಂದು ದೇವಕಿ ಒಳಗೇ ಉರಿದುಕೊಂಡಳು.

ಕೊನೆಗೆ ಹಂಚಿನ ವ್ಯಾಪಾರದ ಅದ್ರಾಮನ ಅಂಗಡಿಗೆ ಹೋದರು. ಅದ್ರಾಮ ಬ್ಯಾರಿ ಇವರ ಪ್ರಶ್ನೆಗಳನ್ನೆಲ್ಲ ತಾಳ್ಮೆಯಿಂದ ಕೇಳಿ, ಇನ್ನು ತಡೆಯಲಾರದೆ ಹೇಳಿದ: "ಭಟ್ರೇ, ಒಂದು ಬೇಸಗೆ ಆ ಮನೆಯಲ್ಲಿ ಕೂತು ನೋಡಿ ಮಾರಾಯ್ರೆ. ಮನುಷ್ಯರು ಸುಳ್ಳು ಹೇಳಿಯಾರು, ಬೇಸಗೆಯ ಬಾವಿ ಹೇಳುದಿಲ್ಲ."

ಇದು ಭಟ್ಟರಿಗೆ ವೇದವಾಕ್ಯವಾಯಿತು. ಮಕರ ಸಂಕ್ರಮಣಕ್ಕೆ ಬಾಡಿಗೆಗೆ ಬಂದು ಕೂತರು. ಪತ್ತನಾಜೆಯ ದಿನ, ಅಂದರೆ ಮಳೆಗಾಲಕ್ಕೆ ಮುಂಚೆ ಊರಿನ ಭೂತಕೋಲ, ಯಕ್ಷಗಾನದ ಆಟಗಳೆಲ್ಲ ಗೆಜ್ಜೆ ಬಿಚ್ಚುವ ದಿನ, ಮನೆ ಬೇಕೋ ಬೇಡವೋ ಹೇಳುವುದೆಂದು ವೀಳ್ಯದೆಲೆ ಅಡಿಕೆ ಹಿಡಿದು ಮಾತಾಯಿತು. ತಿರುಮಲೇಶ್ವರ ಭಟ್ಟರು ತಲೆಯಾಡಿಸಿದರು. ಅವರಿಗೂ ಬೇಡ ಎನ್ನಲು ಬಾಯಿ ಉಂಟು ಎಂಬುದು ಇವರಿಗೆ ಹೊಳೆಯಲೇ ಇಲ್ಲ. ಇಡೀ ಪುತ್ತೂರನ್ನು ಕೇಳಿದವರು ಇದೊಂದನ್ನು ಕೇಳಲಿಲ್ಲ.

ಮತ್ತೆ ಶುರುವಾಯಿತು ನೋಡಿ. ಪರೀಕ್ಷೆಗೆಂದು ಬಂದವರಿಗೆ ತಪ್ಪು ಕಂಡರೆ ಸುಮ್ಮನಿರಲಾಗದು. ಬಾವಿಯ ನೀರು ತಳ ಹಿಡಿಯಿತೆಂದು ಕೆಸರು ತೆಗೆಸಿ ಆಳ ಮಾಡಿಸಿದರು. ಒರಲೆ ತಿಂದ ಪಕ್ಕಾಸು ತೆಗೆಸಿದರು. ಹೇಗೂ ತೆಗೆದದ್ದೇ ಎಂದು ಅದ್ರಾಮನ ಅಂಗಡಿಯಿಂದ ಹೊಸ ಹಂಚು ತಂದರು. ಗೋಡೆಗೆ ಸುಣ್ಣ, ಜಗಲಿಗೆ ಕೆಂಪು ಸಿಮೆಂಟು. ಕೊಳ್ಳುವುದೋ ಬೇಡವೋ ಎಂದು ಕೇಳಿದರೆ, ಇನ್ನೂ ನೋಡುತ್ತಿದ್ದೇನೆ ಎಂಬ ಉತ್ತರ!

ದೇವಕಿಗೆ ಮಾತ್ರ ಅದು ಸ್ವರ್ಗ. ಬೆಳಿಗ್ಗೆ ಎದ್ದು ಇವತ್ತು ಎಂತ ಪದಾರ್ಥ ಎಂದು ತನ್ನನ್ನೇ ಕೇಳಿಕೊಂಡು, ತಾನೇ ಉತ್ತರ ಹೇಳಿ, ಒಬ್ಬಳೇ ನಗುತ್ತಿದ್ದಳು.

ತಿರುಮಲೇಶ್ವರ ಭಟ್ಟರು ತಿಂಗಳ ಬಾಡಿಗೆಗೆಂದು ಬರುತ್ತಿದ್ದರು. ಮೊದಲ ಸಲ ಜಗಲಿಯ ಅಂಚಿನಲ್ಲಿ ಕೂತು ಬೆಲ್ಲ ನೀರು ಕುಡಿದು ಹೋದರು. ಮುಂದಿನ ಸಲ ದೇವಕಿ ಊಟಕ್ಕೆ ಕರೆದಳು. ಆಮೇಲೆ ಬಾಡಿಗೆಯ ದಿನ ಅಲ್ಲದಿದ್ದರೂ ಸಂತೆಯ ನೆಪದಲ್ಲಿ ಬಂದರು. ಹೊಸ ಹಂಚು ನೋಡಿದರು, ಬಾವಿಗೆ ಇಣುಕಿದರು, ಮಾವಿನಮಿಡಿ ಗೊಜ್ಜನ್ನು ಎರಡೆರಡು ಸಲ ಹಾಕಿಸಿಕೊಂಡರು. ಇದು ನನ್ನದೇ ಮನೆಯೋ ಎಂದು ಕಂಬ ಹಿಡಿದು ಕೂತರು. ಅವರು ಬಿಟ್ಟುಹೋದ ಶಾಲು ಜಗಲಿಯ ಗೂಟದಲ್ಲಿ ವಾರಗಟ್ಟಲೆ ನೇತಾಡಿದಾಗ ಮುದುಕರ ಮನಸ್ಸು ತಿರುಗುತ್ತಿದೆ ಎಂದು ದೇವಕಿಗೆ ಗೊತ್ತಾಯಿತು. ಈಗಲೇ ಹೂಂ ಅನ್ನಿ, ಗಾಳಿ ಬಂದಾಗ ತೂರಿಕೊಳ್ಳಬೇಕು ಎಂದು ಗಂಡನಿಗೆ ಹೇಳಿದಳು. ಪತ್ತನಾಜೆಗೆ ಇನ್ನೂ ದಿನವುಂಟು, ಮಾತು ಅಂದರೆ ಮಾತು ಎಂದರು ಅವರು. ಎಣ್ಣೆ ಬಂದಾಗ ಕಣ್ಣು ಮುಚ್ಚುವ ಗಂಡನಿಗೆ ಬ್ರಹ್ಮನಾದರೂ ಎಂತ ಮಾಡಿಯಾನು!

ಪತ್ತನಾಜೆಯ ದಿನ ಯಜ್ಞೇಶ್ವರ ಭಟ್ಟರು ಮಡಿ ಉಟ್ಟು, ಹರಿವಾಣದಲ್ಲಿ ವೀಳ್ಯ ಇಟ್ಟು, ಮನೆ ಬೇಕು ಎಂದು ಗಂಭೀರವಾಗಿ ಹೇಳಿದರು. ತಿರುಮಲೇಶ್ವರ ಭಟ್ಟರು ಹರಿವಾಣವನ್ನು ಮೆಲ್ಲ ವಾಪಸು ಸರಿಸಿದರು.

"ಇಲ್ಲ ಯಜ್ಞೇಶ್ವರ. ಇಷ್ಟು ಒಳ್ಳೆ ಮನೆಯನ್ನು ಯಾರಾದ್ರೂ ಮಾರ್ತಾರಾ ಮಾರಾಯ? ನೀನು ಖರ್ಚು ಮಾಡಿದ್ದನ್ನೆಲ್ಲ ಕೊಡ್ತೇನೆ."

ಒಳಗೆ ದೇವಕಿಗೆ ಕೆದಂಬಾಡಿಯ ಅಡುಗೆಕೋಣೆಯ ಹೊಗೆ ಕಣ್ಣಿಗೆ ಬಂದಂತಾಯಿತು. ನಾಳೆಯಿಂದ ಪುನಃ ಹಿರಿಯಕ್ಕ ಹೇಳಿದ ಬಸಳೆ. ಅವಳು ಸೌಟು ಹಿಡಿದುಕೊಂಡೇ ಜಗಲಿಗೆ ಬಂದಳು.

"ಮಾವ, ಮನೆ ನಿಮ್ಮದು. ಮಾರುದಿಲ್ಲ ಅಂದ್ರೆ ನಾವು ಹೋಗ್ತೇವೆ. ಆದರೆ ಇವರು ಆಚಾರಿಯ ಹತ್ರ ಕೇಳಿದ್ರು, ಜೋಯಿಸರ ಹತ್ರ ಕೇಳಿದ್ರು, ಬಾವಿಯ ಹತ್ರವೂ ಕೇಳಿದ್ರು. ನಿನಗೆ ಮನೆ ಬೇಕಾ ಅಂತ ನನ್ನ ಹತ್ರ ಯಾರೂ ಕೇಳ್ಲಿಲ್ಲ. ನನಗೆ ಬೇಕಿತ್ತು. ಬಂದ ಮೊದಲನೇ ದಿನವೇ ಬೇಕಿತ್ತು."

ಹೇಳಿ ಮುಗಿಸುವಾಗ ಕಣ್ಣಲ್ಲಿ ನೀರು. ಅವಳಿಗೆ ನಾಚಿಕೆಯೂ ಆಯಿತು, ಹಗುರವೂ ಆಯಿತು. ಯಜ್ಞೇಶ್ವರ ಭಟ್ಟರು ಹೆಂಡತಿಯನ್ನು ಈಗಷ್ಟೇ ಕಂಡವರ ಹಾಗೆ ನೋಡಿದರು. ಜೀವಮಾನದಲ್ಲಿ ಮೊದಲ ಸಲ ಅವರಿಗೆ ಕೇಳಲು ಎಂತದೂ ಇರಲಿಲ್ಲ.

ತಿರುಮಲೇಶ್ವರ ಭಟ್ಟರು ಹರಿವಾಣದಿಂದ ಅಡಿಕೆಯ ಹೋಳೊಂದನ್ನು ಎತ್ತಿಕೊಂಡರು.

"ಕಡಬದಲ್ಲಿ ಊಟಕ್ಕೆ ಕೊರತೆ ಇಲ್ಲ ಮಗಳೇ. ಬಡಿಸಿ ಇಡ್ತಾರೆ, ನಾನು ಹೋಗಿ ಉಣ್ಣುದು. ಇಲ್ಲಿ ನೀನು, ಮಾವ ಬನ್ನಿ ಅಂತ ಕರೀತಿ. ನಾನು ಅದನ್ನು ಹೊಸ ಹಂಚಿನ ಗುಣ ಅಂತ ಗ್ರಹಿಸಿದೆ." ಮತ್ತೆ ಮಗುವಿನ ಹಾಗೆ ಕೇಳಿದರು: "ಮಾರಿದ ಮೇಲೂ ಕರೀತಿಯಾ?"

ದೇವಕಿ ಸೆರಗಿನಿಂದ ಮುಖ ಒರೆಸಿಕೊಂಡಳು. ಸಂತೆಯ ದಿನ ತಪ್ಪದೆ ಬನ್ನಿ, ಬೇಕಾದರೆ ಉಳಿಯಿರಿ ಎಂದಳು. ಆಮೇಲೆ ಸ್ವರವನ್ನು ಸ್ವಲ್ಪ ಗಟ್ಟಿ ಮಾಡಿದಳು. "ಆದರೆ ಎಂತ ಪದಾರ್ಥ ಅಂತ ನಾನೇ ಹೇಳುದು."

ಮುದುಕರು ನಗುತ್ತ ಜನಿವಾರಕ್ಕೆ ಕಟ್ಟಿದ್ದ ಬೀಗದ ಕೈಯನ್ನು ಬಿಚ್ಚತೊಡಗಿದರು. ಯಜ್ಞೇಶ್ವರ ಭಟ್ಟರು ಕೈ ಚಾಚಿದರು. ಮುದುಕರು ಆ ಕೈಯನ್ನು ದಾಟಿ, ಸೌಟು ಹಿಡಿದಿದ್ದ ದೇವಕಿಯ ಇನ್ನೊಂದು ಅಂಗೈಯಲ್ಲಿ ಬೀಗದ ಕೈಯನ್ನು ಇಟ್ಟರು.

ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಒಲೆಯ ಮೇಲೆ ತೊಂಡೆಕಾಯಿ ಸೀಯುತ್ತಿತ್ತು. ಸೀಯಲಿ, ತನ್ನದೇ ತೊಂಡೆಕಾಯಿ ಎಂದುಕೊಂಡಳು.