ಹಿಂಬಾಗಿಲಿನ ಗೆರೆ

ಸೋಮವಾರ ಬೆಳಿಗ್ಗೆ ಕಾರನ್ನು ಬಣ್ಣದ ಶೆಡ್ಡಿಗೆ ಬಿಡುವುದೆಂದು ಕಾಜಿಮಿರ್ ತಾನೇ ಗೊತ್ತು ಮಾಡಿಕೊಂಡು ಬಂದಿದ್ದ. ಅಕ್ಕನನ್ನು ಒಂದು ಮಾತು ಕೇಳಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಕಾರು ಇಬ್ಬರಿಗೂ ಸೇರಿ ಬಂದದ್ದು ನಿಜ. ಹಾಗೆಂದು ಅರ್ಧ ಕಾರಿನ ಯಜಮಾನ ಇಡೀ ಕಾರಿನ ಬಣ್ಣ ಕೆರೆಸಿ ಹೊಸದು ಹೊಡೆಸುತ್ತೇನೆಂದರೆ ಅಕ್ಕ ಬರ್ನಡೀನ್ ವೊಯ್ತಾಸ್, ಎಲ್ಲರ ಬಾಯಲ್ಲಿ ಬರ್ನಿ, ಸುಮ್ಮನಿರುವ ಹೆಂಗಸಲ್ಲ. ವಯಸ್ಸು ಅರವತ್ತೊಂಬತ್ತು, ಎರಡೂ ಮಂಡಿ ನೋವು, ಬಾಯಿ ಮಾತ್ರ ಇನ್ನೂ ಗಟ್ಟಿ.

ಕಾರು ಕಾರ್ಖಾನೆಯ ಊರಾದ ಹ್ಯಾಮ್‌ಟ್ರ್ಯಾಮಿಕ್‌ನ ಅವರ ಬೀದಿಯಲ್ಲಿ ಕಾರು ಕಟ್ಟದವರ ಮನೆಯೇ ಇರಲಿಲ್ಲ ಒಂದು ಕಾಲಕ್ಕೆ. ಅಪ್ಪ ಕಾರ್ಖಾನೆಯಲ್ಲಿ ಸೀಟು ಹೊಲಿಯುತ್ತಿದ್ದ. ಬರ್ನಿ ಇಪ್ಪತ್ತೆರಡನೇ ವಯಸ್ಸಿಗೆ ಅದೇ ಕಾರ್ಖಾನೆಯ ಬಣ್ಣದ ವಿಭಾಗ ಸೇರಿದಳು. ಈ ಕಾರಿನ ಕಡುಗೆಂಪು ಬಣ್ಣ ಅವಳ ಕೈಯಿಂದಲೇ ಬಿದ್ದದ್ದು. ಆಗ ತಮ್ಮನಿಗೆ ಹನ್ನೊಂದು ವರ್ಷ. ಅವನಿಗೆ ಯಾರೂ ಹೇಳಲಿಲ್ಲ, ಅವಳೂ ಹೇಳಲಿಲ್ಲ. ಅದಕ್ಕೊಂದು ಕಾರಣವಿತ್ತು, ಆ ಕಾರಣ ನೆನೆದರೆ ನಲವತ್ತೇಳು ವರ್ಷದ ಮೇಲೂ ಅವಳ ಮೈ ಉರಿಯುತ್ತಿತ್ತು.

ಶನಿವಾರ ಇಗರ್ಜಿಯ ಅಂಗಳದಲ್ಲಿ ಹಳೆಯ ಕಾರುಗಳನ್ನು ಜನ ನೋಡಲೆಂದು ನಿಲ್ಲಿಸುವ ದಿನ. ಬಣ್ಣ ಮಾಸಿ ಸುಣ್ಣ ಬಳಿದಂತಿರುವ ಇಂಥ ಕಾರನ್ನು ಅಲ್ಲಿಗೆ ಒಯ್ದರೆ ಮಾನ ಹೋಗುತ್ತದೆ ಎಂದ ಕಾಜಿಮಿರ್. ಬಣ್ಣ ಸತ್ತಿಲ್ಲ, ಬಾಯಾರಿದೆ ಅಷ್ಟೆ ಎಂದಳು ಅವಳು. ಕಡೆಗೆ ಒಪ್ಪಂದವಾಯಿತು. ಬಾನೆಟ್ಟಿನ ಮೇಲೆ ಕಾಗದದ ಟೇಪು ಅಂಟಿಸಿ ಐದು ಪಟ್ಟಿ ಮಾಡುವುದು. ನಾಲ್ಕರಲ್ಲಿ ಅವನು ತಂದ ನಾಲ್ಕು ಬಾಟಲಿ, ಐದನೆಯದರಲ್ಲಿ ಅವಳ ಕೈಗುಣ. ಯಾವುದರಲ್ಲೂ ಬಣ್ಣ ಏಳದಿದ್ದರೆ ಸೋಮವಾರ ಶೆಡ್ಡು. ಎದುರು ಮನೆಯ ಯೆಮೆನಿ ಕ್ಷೌರಿಕ ನಾಸೆರ್ ತೀರ್ಪುಗಾರ. ಯಾವ ಪಟ್ಟಿ ಯಾರದೆಂದು ಅವನಿಗೆ ಹೇಳಬಾರದು.

ಬುಧವಾರ ಕಾಜಿಮಿರ್ ಬಾಟಲಿಗಳನ್ನು ಸಾಲಾಗಿಟ್ಟುಕೊಂಡು ಮದುವೆ ಮನೆಯ ಅಡುಗೆಭಟ್ಟನಂತೆ ಓಡಾಡಿದ. ಒಂದು ಸಿಂಪಡಿಸಿ ಒರೆಸುವುದು, ಒಂದು ಹಾಲಿನಂಥ ಮೇಣ, ಒಂದು ವರ್ಷಗಟ್ಟಲೆ ಬಾಳುತ್ತದೆಂದು ಬರೆದುಕೊಂಡದ್ದು. ನಾಲ್ಕನೆಯದು ಮರಳಿನಂತೆ ತರಿತರಿಯಾದ ಪಾಲಿಶ್. ಅದನ್ನು ಉಜ್ಜಿದವನು ಬಟ್ಟೆ ನೋಡಿ ಬೆಚ್ಚಿಬಿದ್ದ. ಬಟ್ಟೆಯೆಲ್ಲ ಕೆಂಪು.

"ನೋಡಕ್ಕಾ, ಬಣ್ಣಾನೇ ಕಿತ್ಕೊಂಡು ಬರ್ತಿದೆ. ಇದರ ಕಥೆ ಮುಗೀತು."

"ನಿನ್ನ ತಲೆ. ಈಗಿನ ಕಾರಿಗೆ ಬಣ್ಣದ ಮೇಲೆ ಗಾಜಿನ ಥರ ಇನ್ನೊಂದು ಪದರ ಇರತ್ತೆ, ಬಟ್ಟೆಗೆ ಹತ್ತಲ್ಲ. ಇದಕ್ಕೆ ಅದೆಲ್ಲ ಇಲ್ಲ. ಬರೀ ಬಣ್ಣ. ಮೇಲಿನ ಸತ್ತ ಹೊಟ್ಟು ಬರ್ತಿದೆ, ಅಷ್ಟೇ. ಆದ್ರೆ ಆ ಮರಳು ಹಾಕ್ಕೊಂಡು ಇನ್ನೆರಡು ಸಲ ಉಜ್ಜಿದ್ರೆ ತಗಡು ಕಾಣತ್ತೆ, ಕೈ ತೆಗಿ."

ಅವಳು ಅಂದು ತನ್ನ ಪಟ್ಟಿಗೆ ಮೇಣ ಮುಟ್ಟಿಸಲೇ ಇಲ್ಲ. ಎಣ್ಣೆಯಂಶವಿದ್ದ ಬಿಳಿ ಪಾಲಿಶನ್ನು ಹಳೆಯ ಟವೆಲಿನ ತುಂಡಿನಿಂದ ದಪ್ಪವಾಗಿ ಬಳಿದು, ಒಣತಲೆಗೆ ಎಣ್ಣೆ ತಟ್ಟಿದ ಹಾಗೆ ತಟ್ಟಿ, ಒಳಗೆ ಹೋಗಿ ಕಾಫಿ ಕುಡಿದಳು. ಒರೆಸುವುದಿಲ್ಲವೇ ಎಂದು ಅವನು ಕೇಳಿದ. ನಾಳೆ, ಎಂದಳು. ಸೋಲೊಪ್ಪಿಕೊಳ್ಳಲು ನೆಪ ಹುಡುಕುತ್ತಿದ್ದಾಳೆಂದು ಅವನು ನಕ್ಕ. ನಗಲಿ ಬಿಡಿ. ಗುರುವಾರ ಒರೆಸಿದಳು, ಅದೇ ಬಿಳಿ ಪಾಲಿಶನ್ನು ಮತ್ತೊಮ್ಮೆ ಕುಡಿಸಿದಳು, ಗೆದ್ದೇ ಬಿಟ್ಟವಳಂತೆ ಬಾನೆಟ್ಟು ಬಿಟ್ಟು ಕಾರಿನ ಉಳಿದ ಮೈಗೂ ಬಳಿದಿಟ್ಟಳು. ಶುಕ್ರವಾರ ನಯವಾದ ಪಾಲಿಶಿನಿಂದ ತಿಕ್ಕಿ, ಆಮೇಲೆ ಡಬ್ಬಿಯ ಹಳದಿ ಮೇಣವನ್ನು ಇದೆಯೋ ಇಲ್ಲವೋ ಎನ್ನುವಷ್ಟು ತೆಳ್ಳಗೆ ಹಚ್ಚಿದಳು.

ಮಧ್ಯಾಹ್ನ ನಾಸೆರ್ ಬಂದ. ಕಾಜಿಮಿರ್ ಪೈಪಿನಿಂದ ನೀರು ಬಿಟ್ಟ. ಮೂರನೇ ಪಟ್ಟಿಯ ಮೇಲೆ ನೀರು ಗೋಲಿಯಂತೆ ಉರುಳಿ ಓಡಿತು, ಬರ್ನಿಯದರ ಮೇಲೆ ಅಷ್ಟಿಲ್ಲ. ಕಾಜಿಮಿರನ ಮುಖ ಅರಳಿತು. ನೀರು ಓಡಿದ ಮಾತ್ರಕ್ಕೆ ಬಣ್ಣ ಬದುಕಿತೆಂದಲ್ಲ, ಒರೆಸಿ ನೋಡಿ ಎಂದಳು ಬರ್ನಿ. ಒರೆಸಿದರು. ಮೊದಲ ಮೂರು ಪಟ್ಟಿ ಬೂದಿಯ ಮೇಲೆ ಎಣ್ಣೆ ಚೆಲ್ಲಿದ ಹಾಗಿದ್ದವು. ನಾಲ್ಕನೆಯದು ಹೊಳೆಯುತ್ತಿತ್ತು, ಆದರೆ ಮೈತುಂಬ ಸುತ್ತುಗೀರು. ಐದನೆಯದರಲ್ಲಿ ನಾಸೆರ್ ತನ್ನ ಗಡ್ಡ ನೋಡಿಕೊಂಡು ನೀವಿಕೊಂಡ.

"ಇದೇ. ನನ್ನ ಅಂಗಡಿ ಕನ್ನಡೀಲೂ ಇಷ್ಟು ಚೆನ್ನಾಗಿ ಕಾಣಲ್ಲ ನಾನು."

ಕಾಜಿಮಿರ್ ಕೆಟ್ಟವನಲ್ಲ. ಸೋತೆ ಎಂದು ಒಪ್ಪಿ, ಶೆಡ್ಡಿಗೆ ಅಲ್ಲೇ ಫೋನ್ ಮಾಡಿ ಬೇಡವೆಂದ. ಸಂಜೆಯವರೆಗೆ ಅಕ್ಕ ಹೇಳಿದಂತೆ ಇಡೀ ಕಾರನ್ನು ತಿಕ್ಕಿದ. ಎಡಗಡೆಯ ಹಿಂಬಾಗಿಲಿಗೆ ಬಂದಾಗ ಮಾತ್ರ ನಿಂತ. ಹಿಡಿಯ ಕೆಳಗೆ ಬಣ್ಣ ಇಳಿದು ಹೆಪ್ಪುಗಟ್ಟಿದ ಗೆರೆ, ಬೆರಳುದ್ದ, ತುದಿಯಲ್ಲಿ ಒಂದು ಹನಿ. ಹೊಳಪು ಬಂದ ಮೇಲೆ ಅದೂ ಎದ್ದು ಕಾಣುತ್ತಿತ್ತು. ಅಕ್ಕನಿಗೆ ಉಪಕಾರ ಮಾಡೋಣವೆಂದು ನೀರಿನಲ್ಲಿ ನೆನೆಸಿದ ಉಜ್ಜುಕಾಗದ ತೆಗೆದುಕೊಂಡ.

"ಎರಡು ನಿಮಿಷ ಅಕ್ಕಾ, ಇದನ್ನ ಸವರಿ ತೆಗೆದುಬಿಡ್ತೀನಿ. ಯಾವನೋ ಕುಡುಕ ಹೊಡೆದಿದ್ದಾನೆ."

"ಆ ಕುಡುಕ ನಾನೇ ಕಣೋ."

ಬರ್ನಿ ಬಂದು ಅವನ ಕೈಯಿಂದ ಕಾಗದ ಕಿತ್ತುಕೊಂಡು ಬಕೆಟ್ಟಿಗೆ ಎಸೆದಳು. ಆಮೇಲೆ ಹೇಳಿದಳು. ಆ ವಿಭಾಗದಲ್ಲಿ ಅವಳೊಬ್ಬಳೇ ಹೆಂಗಸು. ಕೆಲಸಕ್ಕೆ ಸೇರಿದ ಎರಡನೇ ವಾರ ಈ ಗೆರೆ ಇಳಿಯಿತು. ಗಂಡಸರ ಕೈಯಿಂದ ದಿನಕ್ಕೆ ಹತ್ತು ಇಳಿಯುತ್ತಿದ್ದವು, ಯಾರೂ ಸೊಲ್ಲೆತ್ತದೆ ತಿದ್ದುತ್ತಿದ್ದರು. ಇವಳದಕ್ಕೆ ಮಾತ್ರ ಮೇಸ್ತ್ರಿ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಇಡೀ ಪಾಳಿಯನ್ನು ಕರೆದ. ಉಗುರಿಗೆ ಬಣ್ಣ ಹಚ್ಚುವ ಕೈಗೆ ಕೆಲಸ ಕೊಟ್ಟರೆ ಹೀಗೇ ಆಗುವುದು ಎಂದ. ಎಲ್ಲರೂ ನಕ್ಕರು. ಅವಳು ಅಳಲಿಲ್ಲ. ಮಾರನೆಯ ದಿನವೂ ಹೋದಳು, ಮೂವತ್ತು ವರ್ಷ ಹೋದಳು.

"ಅಪ್ಪ ಏನೂ ಅನ್ಲಿಲ್ವಾ?"

"ಏನೂ ಅನ್ಲಿಲ್ಲ. ಆ ವಾರಾನೇ ಆಫೀಸಿಗೆ ಹೋಗಿ, ನನಗೆ ಕಾರು ಬೇಕು, ಇದೇ ಬೇಕು, ಯಾವನೂ ಇದನ್ನ ತಿದ್ದಕೂಡದು ಅಂದನಂತೆ."

ಕಾಜಿಮಿರ್ ಬಾಗಿಲ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಆಮೇಲೆ ಹಳದಿ ಮೇಣದ ಡಬ್ಬಿ ಕೇಳಿ ಇಸಿದುಕೊಂಡು, ತೋರುಬೆರಳಿಗೆ ಬಟ್ಟೆ ಸುತ್ತಿ, ಗೆರೆಯ ಉದ್ದಕ್ಕೂ ಹಚ್ಚತೊಡಗಿದ. ತೆಳ್ಳಗೆ ಎಂದು ಅಕ್ಕ ಗದರಿದಳು.

ಶನಿವಾರ ಇಗರ್ಜಿಯ ಅಂಗಳದಲ್ಲಿ ಅವರಿಗೆ ಸಿಕ್ಕದ್ದು ಕಡೆಯ ಜಾಗ, ಎಡಗಡೆ ಗೋಡೆ. ಕಾಜಿಮಿರ್ ಕಾರು ನಿಲ್ಲಿಸಿ ಇಳಿಯಹೋದ. ಬರ್ನಿ ಇಳಿಯಲಿಲ್ಲ. ತಿರುಗಿಸಿ ನಿಲ್ಲಿಸು ಎಂದಳು. ಅವನು ಹಿಂದೆ ತೆಗೆದು, ಮುಂದೆ ತಂದು, ಮೂರು ಸಲ ಸ್ಟಿಯರಿಂಗ್ ತಿರುಗಿಸಿ, ಗೆರೆಯಿದ್ದ ಬಾಗಿಲು ಜನರ ಕಡೆಗೆ ಬರುವ ಹಾಗೆ ನಿಲ್ಲಿಸಿದ.